ಸೋಡಚೀಟಿ ಮತ್ತು ಪಿಂಚಣಿಯ ಹಣ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲೋ ಬಸ್ ಡಿಪೋದಲ್ಲೋ ಮೂವತ್ತು ವರ್ಷ ದುಡಿದವರ ಮನೆಗಳಲ್ಲಿ ಎಷ್ಟೋ ಸಲ ಎಲ್ಲಕ್ಕಿಂತ ದೊಡ್ಡ ಆಸ್ತಿಯೆಂದರೆ ನಿವೃತ್ತಿಯ ಹಣವೇ. ಆದರೂ ಗಂಡ ಹೆಂಡತಿಯರ ಮಾತು ಸೋಡಚೀಟಿಗೆ, ಅಂದರೆ ವಿಚ್ಛೇದನಕ್ಕೆ, ಬಂದಾಗ ಹಿರಿಯರು ಬಂಗಾರ, ಮನೆ, ಮಕ್ಕಳ ಬಗ್ಗೆ ಹೊತ್ತುಗಟ್ಟಲೆ ಮಾತಾಡುತ್ತಾರೆಯೇ ಹೊರತು ಪಿಂಚಣಿಯ ಹೆಸರೆತ್ತುವುದಿಲ್ಲ.

ಪಿಂಚಣಿಯನ್ನು ಅರ್ಧರ್ಧ ಹಂಚುವ ಕಾನೂನು ನಮ್ಮಲ್ಲಿಲ್ಲ, ನಿಜ. ಆದರೆ 1955ರ ಹಿಂದೂ ವಿವಾಹ ಕಾಯ್ದೆಯ 25ನೆಯ ಕಲಮಿನಂತೆ ಶಾಶ್ವತ ಜೀವನಾಂಶ ಗೊತ್ತುಪಡಿಸುವಾಗ ನ್ಯಾಯಾಲಯ ಇಬ್ಬರ ಆದಾಯವನ್ನೂ ಆಸ್ತಿಯನ್ನೂ ನೋಡುತ್ತದೆ, ಪಿಂಚಣಿಯೂ ಆದಾಯವೇ. ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ, ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕೆಂದು ವಿಧಿಸಿತು. ಸಾಲ ಕೊಟ್ಟವರು ಪಿಂಚಣಿಯನ್ನು ಜಪ್ತಿ ಮಾಡದಂತೆ 1871ರ ಪಿಂಚಣಿ ಕಾಯ್ದೆ ತಡೆಯುತ್ತದೆ. ಜೀವನಾಂಶ ಕೇಳುವ ಹೆಂಡತಿ ಸಾಲ ಕೊಟ್ಟವಳಲ್ಲ ಎಂದು ಬಾಂಬೆ ಹೈಕೋರ್ಟು ಹೇಳಿರುವುದು ನನಗೆ ಬಹಳ ಸರಿಯೆನಿಸುತ್ತದೆ.

ಕೈಕಾಲು ಕಳೆದುಕೊಂಡವರಿಗೆ ಬರುವ ಪರಿಹಾರದ ಮಾತು ಬೇರೆ. ಅದು ಮೊದಲು ಆ ದೇಹದ ಆರೈಕೆಗೆ ಬಂದ ಹಣ. ಅಂಗವೈಕಲ್ಯ, ಕಾಯಿಲೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟಿನ ಅದೇ 2020ರ ತೀರ್ಪು ಹೇಳುತ್ತದೆ. ಗಂಡನಿಗೆ ಹಣ ಬಂತೆಂದು ಎಣಿಸುವವರು ಅವನ ಔಷಧಿಯ ಖರ್ಚನ್ನೂ ಎಣಿಸಬೇಕು. ಕೈ ಕಳೆದುಕೊಂಡವಳು ಹೆಂಡತಿಯಾಗಿದ್ದರೆ ಅವಳ ಅಗತ್ಯವನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಧಾರವಾಡದ ಕೋರ್ಟಿನ ಪಡಸಾಲೆಯಲ್ಲಿ ಒಮ್ಮೆ ಒಬ್ಬ ತಾಯಿ ಪ್ಲಾಸ್ಟಿಕ್ ಚೀಲದಿಂದ ಪಿಂಚಣಿಯ ಕಾಗದವೊಂದರ ಝೆರಾಕ್ಸ್ ತೆಗೆದು ತೋರಿಸಿದರು. ಅದರ ಮೇಲೆ ಗಂಡ ಹೆಂಡತಿ ಕೂಡಿ ತೆಗೆಸಿದ ಫೋಟೋ ಇತ್ತು. ಒಂದೇ ಗಂಟಿನ ಹಣ ತೆಗೆದುಕೊಂಡು ಸಹಿ ಹಾಕಲು ಅವರು ಒಪ್ಪಿದ್ದರು. ವಿಚ್ಛೇದನವಾದ ಮೇಲೆ ಗಂಡ ತೀರಿಕೊಂಡರೆ ತಮಗೆ ಕುಟುಂಬ ಪಿಂಚಣಿ ಬರುವುದಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಫೋಟೋ ಇದೆಯಲ್ಲ, ಅಂದರು.

ಆದ್ದರಿಂದ ಸಹಿಗೆ ಮೊದಲೇ ಪಿಂಚಣಿ ಆದೇಶ, ಪಿ.ಎಫ್. ಪಾಸ್‌ಬುಕ್, ಗ್ರ್ಯಾಚುಟಿ ಲೆಕ್ಕ ಕೇಳಿರಿ. ತಿಂಗಳ ಜೀವನಾಂಶವಾದರೆ ಪರಿಸ್ಥಿತಿ ಬದಲಾದಾಗ ಹೆಚ್ಚಿಸಿಕೊಡಲು ಕೇಳಬಹುದು. ಅದಕ್ಕೆ ಭದ್ರತೆಯಾಗಿ ಹೊಲಮನೆಯ ಮೇಲೆ ಬೋಜಾ, ಅಂದರೆ ಆ ಹಣದ ಹೊಣೆ, ಕೂರಿಸಲೂ 25ನೆಯ ಕಲಮು ಅವಕಾಶ ಕೊಡುತ್ತದೆ. ವಕೀಲರ ಫೀಗೆ ಹಣವಿಲ್ಲದ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾಯ್ದೆಯಂತೆ ಅಲ್ಲಿ ಅವರ ಆದಾಯ ಎಷ್ಟೆಂದು ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.