ಗುರುತಿಲ್ಲದವರ ಹತ್ತಿರ ಸಹಾಯ ಕೇಳುವಾಗ

ವಿದ್ಯಾರ್ಥಿ ಮಿತ್ರರೇ, ಅಧ್ಯಾಪಕ ಬಂಧುಗಳೇ, ಎಲ್ಲರಿಗೂ ನಮಸ್ಕಾರ.

ಜಗಳೂರು, ಚನ್ನಗಿರಿ, ಹರಿಹರದ ಕಡೆಯಿಂದ ದಾವಣಗೆರೆಗೆ ಬಂದು ಇಂಜಿನಿಯರಿಂಗ್ ಓದುವ ಮಕ್ಕಳು ನನ್ನ ಹತ್ತಿರ ಪದೇಪದೇ ಹೇಳುವ ಮಾತೊಂದಿದೆ: "ಆನ್‌ಲೈನಲ್ಲಿ ಕೇಳೋಕೆ ಹೆದರಿಕೆ ಆಗ್ತದೆ ಸರ್, ನಮ್ಮ ಇಂಗ್ಲಿಷ್ ನೋಡಿ ನಗ್ತಾರೆ." ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಅಳುಕು ಸಹಜ. ಆದರೆ ಪ್ರೋಗ್ರಾಮಿಂಗ್ ತಾಣಗಳಲ್ಲಿ ಉತ್ತರ ಸಿಗದೆ ಬಿದ್ದಿರುವ ಪ್ರಶ್ನೆಗಳನ್ನು ಒಮ್ಮೆ ತೆರೆದು ಓದಿ. ನನ್ನ ಕಣ್ಣಿಗೆ ಬಿದ್ದವುಗಳಲ್ಲಿ ವ್ಯಾಕರಣ ತಪ್ಪಿದ್ದಕ್ಕೆ ಹಾಗೇ ಉಳಿದವು ಅಪರೂಪ. ವಿವರ ಕೊಡದೆ ಉಳಿದವೇ ಹೆಚ್ಚು.

1991ರ ಜುಲೈ 3ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿಯೊಬ್ಬ ಯೂಸ್‌ನೆಟ್ ಎಂಬ ಆನ್‌ಲೈನ್ ಚರ್ಚಾ ಜಾಲದಲ್ಲಿ, ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುವವರ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ. ಮಿನಿಕ್ಸ್‌ನಲ್ಲಿ ಒಂದು ಕೆಲಸ ಮಾಡುತ್ತಿದ್ದೇನೆ, ಅದಕ್ಕೆ ಪಾಸಿಕ್ಸ್ ಎಂಬ, ಆಪರೇಟಿಂಗ್ ಸಿಸ್ಟಂಗಳಿಗಿರುವ ಮಾನದಂಡದ ನಿಯಮಗಳು ಬೇಕಾಗಿವೆ, ಕಂಪ್ಯೂಟರಿನಲ್ಲಿ ಓದಲು ಬರುವಂಥ ಪ್ರತಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದ. ಯಾಕೆ ಬೇಕು, ಏನು ಬೇಕು, ಯಾವ ರೂಪದಲ್ಲಿ ಬೇಕು, ಇಷ್ಟೇ. ಅವನ ಮನೆಮಾತು ಸ್ವೀಡಿಷ್, ಇಂಗ್ಲಿಷ್ ಅಲ್ಲ. ಹೆಸರು ಲೈನಸ್ ಟೊರ್ವಾಲ್ಡ್ಸ್. ಆ ಕೆಲಸವೇ ಮುಂದೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಆಯಿತು.

ಈಗ ನಮ್ಮೂರಿನ ಒಂದು ಉದಾಹರಣೆ ತಗೊಳ್ಳೋಣ. ಎಪಿಎಂಸಿಯ ಮೆಕ್ಕೆಜೋಳದ ದರವನ್ನು ಸಿಎಸ್‌ವಿ ಕಡತದಿಂದ (ಪಟ್ಟಿಯ ಮಾಹಿತಿಯನ್ನು ಸಾಲು ಸಾಲಾಗಿ ಇಡುವ ಫೈಲ್) ಓದಿ ಸರಾಸರಿ ತೆಗೆಯುವ ಪೈಥಾನ್ ಪ್ರೋಗ್ರಾಂ ಒಂದನ್ನು ನೀವು ಬರೆದಿದ್ದೀರಿ. ಮೊದಲ ಕೆಲವು ಸಾಲು ಸರಾಗವಾಗಿ ಓದಿ ಆಮೇಲೆ ನಿಂತುಬಿಡುತ್ತದೆ. ನಮ್ಮಲ್ಲಿ ಬಹಳ ಜನ ಆಗ ಮೊಬೈಲ್ ತೆಗೆದು ಪರದೆಯ ಫೋಟೋ ಹೊಡೆದು, "ಪ್ರೋಗ್ರಾಂ ವರ್ಕ್ ಆಗ್ತಿಲ್ಲ, ಪ್ಲೀಸ್ ಹೆಲ್ಪ್, ಅರ್ಜೆಂಟ್" ಎಂದು ಹಾಕುತ್ತಾರೆ. ಫೋಟೋದಲ್ಲಿರುವ ಕೋಡನ್ನು ಇನ್ನೊಬ್ಬರು ಕಾಪಿ ಮಾಡಿ ಓಡಿಸಿ ನೋಡಲಾಗದು. ಹುಡುಕಿದರೂ ಸಿಗದು. ಕಣ್ಣು ಕಾಣದ ಪ್ರೋಗ್ರಾಮರುಗಳು ಪರದೆ ಓದಿಸುವ ತಂತ್ರಾಂಶ ಬಳಸುತ್ತಾರೆ, ಅವರ ಪಾಲಿಗೆ ಆ ಪ್ರಶ್ನೆ ಇಲ್ಲವೇ ಇಲ್ಲ.

ಪರದೆಯ ಮೇಲೆ ದೋಷಸಂದೇಶ ಬಂದಿರುತ್ತದೆ. ಪೈಥಾನ್‌ನಲ್ಲಿ ಅದರ ಕೊನೆಯ ಸಾಲನ್ನು ಮೊದಲು ಓದಬೇಕು: "ವ್ಯಾಲ್ಯೂಎರರ್: ಕುಡ್ ನಾಟ್ ಕನ್ವರ್ಟ್ ಸ್ಟ್ರಿಂಗ್ ಟು ಫ್ಲೋಟ್: '2,150'". ಆ ಪಠ್ಯವನ್ನು ಫ್ಲೋಟ್‌ಗೆ, ಅಂದರೆ ದಶಮಾಂಶ ಸಂಖ್ಯೆಗೆ, ಬದಲಿಸಲಾಗಲಿಲ್ಲ ಎಂದು ಅದರ ಅರ್ಥ. ಈ ಸಂದೇಶವನ್ನು ಇಡಿಯಾಗಿ, ಒಂದಕ್ಷರ ಬಿಡದೆ ಅಂಟಿಸಿ. ಇಂಗ್ಲಿಷಿನ ಅರ್ಧ ಕಷ್ಟ ಅಲ್ಲೇ ತೀರಿತು, ಯಾಕೆಂದರೆ ಮುಖ್ಯ ವಾಕ್ಯವನ್ನು ಯಂತ್ರವೇ ಬರೆದುಕೊಟ್ಟಿದೆ.

ಆಮೇಲೆ ಕೋಡನ್ನು ಕಿರಿದು ಮಾಡಬೇಕು. ಮುನ್ನೂರು ಸಾಲನ್ನೂ ಹಾಕಬೇಡಿ. ಗ್ರಾಫ್ ಬಿಡಿಸುವ ಭಾಗ ತೆಗೆಯಿರಿ, ಮತ್ತೆ ಓಡಿಸಿ, ದೋಷ ಇನ್ನೂ ಬರುತ್ತಿದೆಯೇ ನೋಡಿ. ಕಡತ ತೆರೆಯುವ ಭಾಗವನ್ನೂ ತೆಗೆದು, ನಿಂತುಹೋದ ಆ ಒಂದು ಬೆಲೆಯನ್ನು ನೇರವಾಗಿ ಕೋಡಿನಲ್ಲೇ ಬರೆಯಿರಿ. ಕೊನೆಗೆ ಉಳಿಯುವುದು ಒಂದೇ ಸಾಲು: '2,150' ಎಂಬ ಪಠ್ಯವನ್ನು ಫ್ಲೋಟ್‌ಗೆ ಬದಲಿಸು. ಆ ಒಂದು ಸಾಲನ್ನು ದಿಟ್ಟಿಸಿ ನೋಡಿದರೆ ಅಲ್ಪವಿರಾಮ ಕಣ್ಣಿಗೆ ಹೊಡೆಯುತ್ತದೆ. ಮೊದಲ ಸಾಲುಗಳಲ್ಲಿ ದರ 2150 ಎಂದಿತ್ತು, ಮುಂದೆ ಯಾರೋ 2,150 ಎಂದು ಟೈಪ್ ಮಾಡಿದ್ದಾರೆ. ಅಲ್ಪವಿರಾಮ ತೆಗೆದರೆ ಪ್ರೋಗ್ರಾಂ ಓಡುತ್ತದೆ. ಪ್ರಶ್ನೆ ಕೇಳಲು ಹೊರಟವರಿಗೆ ಕೇಳುವ ಅಗತ್ಯವೇ ಉಳಿಯಲಿಲ್ಲ. ಈ ಕಿರಿದು ಮಾಡುವ ಕೆಲಸ ಗೊತ್ತಿಲ್ಲದೆ ಎಷ್ಟು ಜನ ಬುದ್ಧಿವಂತ ಮಕ್ಕಳು ದಿನಗಟ್ಟಲೆ ಕೈಕಟ್ಟಿ ಕೂರುತ್ತಾರೆ ಎನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ. ಅಷ್ಟಾಗಿಯೂ ಬಗೆಹರಿಯದಿದ್ದರೆ, ಯಾವ ಆವೃತ್ತಿಯ ಪೈಥಾನ್, ಏನು ಬರಬೇಕಿತ್ತು, ಏನು ಬಂತು, ನೀವು ಏನೇನು ಮಾಡಿ ನೋಡಿದಿರಿ ಎಂದು ಸೇರಿಸಿ. ಹಾಕುವ ಮುಂಚೆ ಪಾಸ್‌ವರ್ಡ್, ಎಪಿಐ ಕೀ (ಆನ್‌ಲೈನ್ ಸೇವೆ ಬಳಸಲು ನಿಮಗೆ ಕೊಟ್ಟ ಗುಟ್ಟಿನ ಸಂಕೇತ) ಅಳಿಸಲು ಮರೆಯಬೇಡಿ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ನೀರಿನ ಟ್ಯಾಂಕಿನ ಸೆನ್ಸರ್ ಪ್ರಾಜೆಕ್ಟ್ ಮಾಡುವವರು "ಗಂಟೆಗೊಮ್ಮೆ ಪ್ರೋಗ್ರಾಂ ತಾನಾಗಿ ರೀಸ್ಟಾರ್ಟ್ ಆಗಬೇಕು, ಹೇಗೆ?" ಎಂದು ಕೇಳುತ್ತಾರೆ. ಅಸಲಿಗೆ ಹಳೆಯ ರೀಡಿಂಗುಗಳೆಲ್ಲ ಲಿಸ್ಟಿನಲ್ಲಿ ಸೇರುತ್ತಾ ಹೋಗಿ ಮೆಮೊರಿ ತುಂಬಿರುತ್ತದೆ. ರೀಸ್ಟಾರ್ಟ್ ಎನ್ನುವುದು ನೀವೇ ಊಹಿಸಿಕೊಂಡ ಪರಿಹಾರ. ಅದನ್ನು ಕೇಳಿ, ತಪ್ಪಿಲ್ಲ, ಆದರೆ ಅದರ ಹಿಂದಿನ ತೊಂದರೆಯನ್ನೂ ಹೇಳಿ.

ಮರ್ಯಾದೆಯ ವಿಚಾರ. ನಾವು ಹಿರಿಯರನ್ನು ಮಾತಾಡಿಸುವಾಗ ನಮಸ್ಕಾರ ಹೇಳದೆ ವಿಷಯಕ್ಕೆ ಬರುವುದಿಲ್ಲ. 2008ರಲ್ಲಿ ಶುರುವಾದ ಪ್ರೋಗ್ರಾಮಿಂಗ್ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಅದು ತಿರುವುಮುರುವು: "ಹಲೋ ಸರ್", "ಥ್ಯಾಂಕ್ಸ್ ಇನ್ ಅಡ್ವಾನ್ಸ್" ಎಂದು ಬರೆದರೆ ಯಾರಾದರೂ ಬಂದು ಅಳಿಸುತ್ತಾರೆ. ಅವಮಾನ ಎಂದು ತಿಳಿಯಬೇಡಿ. ಮುಂದೆ ಅದೇ ದೋಷ ಬಂದು ಓದುವವರಿಗೆ ಪ್ರಶ್ನೆ ಉತ್ತರ ಎರಡೇ ಸಾಕು ಎನ್ನುವುದು ಅಲ್ಲಿನ ರೀತಿ. ಉತ್ತರ ಕೊಡುವವರು ಹೆಂಗಸರೂ ಇರಬಹುದು, ನಿಮ್ಮಷ್ಟೇ ವಯಸ್ಸಿನ ವಿದ್ಯಾರ್ಥಿಯೂ ಇರಬಹುದು, ಹಾಗಾಗಿ "ಸರ್" ಬೇಡ. "ಅರ್ಜೆಂಟ್" ಅಂತೂ ಬೇಡವೇ ಬೇಡ. ಸಬ್‌ಮಿಷನ್ ನಾಳೆ ಇರುವುದು ನಿಮಗೆ, ಬಿಡುವು ಮಾಡಿಕೊಂಡು ಪುಕ್ಕಟೆ ಓದುವವರಿಗಲ್ಲ.

ಉತ್ತರ ಸಿಕ್ಕ ಮೇಲೆ ನಾಪತ್ತೆಯಾಗುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತಪ್ಪು. ಹೇಳಿದ್ದು ಕೆಲಸ ಮಾಡಿತೋ ಇಲ್ಲವೋ ತಿಳಿಸಿ. ನೀವೇ ದಾರಿ ಕಂಡುಕೊಂಡರೆ "ಸಾಲ್ವ್ ಆಯ್ತು" ಎಂದಷ್ಟೇ ಬರೆಯದೆ, ಹೇಗೆ ಆಯಿತೆಂದು ಬರೆಯಿರಿ. ಹಿಂದೆ ಯಾರೋ ಹಾಗೆ ಬರೆದಿಟ್ಟದ್ದರಿಂದಲೇ ಇವತ್ತು ನಿಮಗೆ ಹುಡುಕಿದ ಕೂಡಲೇ ಉತ್ತರ ಸಿಗುತ್ತಿದೆ.

ನನ್ನ ಮಾತು ಇಷ್ಟು. ನಿಮ್ಮ ಲ್ಯಾಪ್‌ಟಾಪ್ ತೆರೆಯಿರಿ, ಪ್ರಾಜೆಕ್ಟಿನಲ್ಲಿ ಸಿಕ್ಕಿಕೊಂಡ ಒಂದು ದೋಷ ಹೊರತೆಗೆಯಿರಿ. ಹಿಂದಿನ ಸಾಲಿನಲ್ಲಿ ಕೂತವರಿಂದ ಶುರು ಮಾಡಿ, ಒಂದೊಂದನ್ನೇ ಕಿರಿದು ಮಾಡುತ್ತಾ ಹೋಗೋಣ.