ಸಾಫ್ಟ್‌ಬಾಲ್: ಸ್ಲ್ಯಾಪರ್ ಬಂದಾಗ ನೋಡಬೇಕಾದ್ದು ಆಕೆಯ ಕಾಲು

[ಪರದೆಯಲ್ಲಿ: ಎಡಗೈ ಬ್ಯಾಟರ್ ಓಡುತ್ತಲೇ ಚೆಂಡು ತಟ್ಟುವ ದೃಶ್ಯ, ನಿಧಾನಗತಿಯಲ್ಲಿ]

ಸಾಫ್ಟ್‌ಬಾಲ್‌ನಲ್ಲಿ ಓಡ್ತಾನೇ ಚೆಂಡು ತಟ್ಟೋ ಎಡಗೈ ಬ್ಯಾಟರ್‌ಗೆ ಸ್ಲ್ಯಾಪರ್ ಅಂತಾರೆ, ಚೆಂಡು ಎಸೆಯೋರಿಗೆ ಪಿಚ್ಚರ್. ಹೊಡೆದವಳು ಮೊದಲು ಓಡಿ ಸೇರಬೇಕಾದ ಜಾಗ ಫಸ್ಟ್ ಬೇಸ್. ನೋಡುಗರು ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು. "ಸ್ಲ್ಯಾಪರ್‌ಗೆ ಔಟ್‌ಸೈಡ್ (ಮೈಯಿಂದ ದೂರ), ಕೆಳಗೆ ಹಾಕು, ನೆಲದ ಮೇಲೆ ಹೊಡೆದು ಔಟ್ ಆಗ್ತಾಳೆ ಅಂತಾರೆ. ಹಾಗೇ ಹಾಕಿದ್ರೂ ಫಸ್ಟ್ ಬೇಸ್ ಸೇರಿಬಿಡ್ತಾಳಲ್ಲ, ಯಾಕೆ?"

ಯಾಕಂದ್ರೆ ನೆಲದ ಮೇಲೆ ಹೊಡೆಯೋಕೇ ಆಕೆ ಬಂದಿರೋದು! ಆಕೆಗೆ ಬೇಕಾದ ಚೆಂಡನ್ನೇ ನೀವು ಕೈಗೆ ಕೊಟ್ಟ ಹಾಗಾಯ್ತು.

ಮೂಲ ವಿಷಯ ಬೇಗ ಮುಗಿಸೋಣ. ಪಿಚ್ಚರ್ ಚೆಂಡು ಬಿಡೋ ಹೊತ್ತಿಗೆ ಎಡಗಾಲನ್ನ ಬಲಗಾಲಿನ ಮುಂದೆ ದಾಟಿಸಿ, ಓಡ್ತಾ ಓಡ್ತಾನೇ ಚೆಂಡನ್ನ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವಿನ ಫೀಲ್ಡರ್) ಕಡೆ ತಟ್ಟೋದು ಸ್ಲ್ಯಾಪ್. ಫಸ್ಟ್ ಬೇಸ್ 60 ಅಡಿ ದೂರ. ಚುರುಕು ಸ್ಲ್ಯಾಪರ್‌ಗೆ 2.7 ಸೆಕೆಂಡ್ ಆಸುಪಾಸು ಸಾಕು. ಶಾರ್ಟ್‌ಸ್ಟಾಪ್ ಕೈಯಲ್ಲಿ ಚೆಂಡು ಒಂದು ಸಲ ತಡವರಿಸಿದ್ರೆ ಮುಗೀತು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ನತಾಶಾ ವಾಟ್ಲಿ ಆಟ ಸಿಕ್ಕಿದ್ರೆ ನೋಡಿ, ಆ ವೇಗ ಏನು ಅಂತ ಗೊತ್ತಾಗುತ್ತೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಆಕೆ ಚೆಂಡು ಹೊಡೆಯೋದು ಎಲ್ಲಿ? ಬ್ಯಾಟರ್ ಪಕ್ಕ ನೆಲದಲ್ಲಿರೋ ಫಲಕ, ಅಂದ್ರೆ ಪ್ಲೇಟ್ ಮೇಲಲ್ಲ. ಪ್ಲೇಟಿಗಿಂತ ಮೂರು ನಾಲ್ಕು ಅಡಿ ಮುಂದೆ, ಪಿಚ್ಚರ್ ಕಡೆ.

[ಪರದೆಯಲ್ಲಿ: ಬ್ಯಾಟರ್ ನಿಲ್ಲೋ ಬಾಕ್ಸ್ ಚಿತ್ರ, ಪ್ಲೇಟಿನ ನಡುವಿನಿಂದ 4 ಅಡಿ ಮುಂದೆ, 3 ಅಡಿ ಹಿಂದೆ]

ಲೆಕ್ಕ ಹಾಕೋಣ. ಪಿಚಿಂಗ್ ದೂರ 43 ಅಡಿ. ಪಿಚ್ಚರ್ ಮುಂದೆ ಹೆಜ್ಜೆ ಇಟ್ಟು ಬಿಡೋದ್ರಿಂದ ಚೆಂಡು ಹಾರೋದು ಸುಮಾರು 37 ಅಡಿ. ಗಂಟೆಗೆ 60 ಮೈಲಿ ಚೆಂಡಿಗೆ ಅದು 0.42 ಸೆಕೆಂಡ್. ನಾಲ್ಕು ಅಡಿ ಮೊದಲೇ ಹೊಡೆದ್ರೆ 0.38 ಸೆಕೆಂಡ್ ಕೂಡ ಇಲ್ಲ. ಅಂದ್ರೆ ಆಕೆ ಸಮಯ ಕಳ್ಕೊಳ್ತಾಳೆ, ನಿಜ. ಆದ್ರೆ ನೀವು ಕಳ್ಕೊಳ್ಳೋದು ಅದಕ್ಕಿಂತ ದೊಡ್ಡದು: ಚೆಂಡಿನ ತಿರುವು. ಸ್ಪಿನ್ನರ್‌ಗೆ ಕ್ರೀಸ್ ಬಿಟ್ಟು ಮುಂದೆ ಬಂದು, ಚೆಂಡು ತಿರುಗೋ ಮೊದಲೇ ಹೊಡೆಯೋ ಕ್ರಿಕೆಟ್ ಬ್ಯಾಟರ್ ಇದ್ದಾರಲ್ಲ, ಅದೇ ಲೆಕ್ಕ. ಕೊನೇ ಕ್ಷಣದಲ್ಲಿ ಬೀಳೋ ನಿಮ್ಮ ಡ್ರಾಪ್ ಬಾಲ್, ಪ್ಲೇಟಿನ ಹಿಂದೆ ಕೂತ ಕ್ಯಾಚರ್ ಗ್ಲೌಸಿನಲ್ಲಿ ಮಂಡಿಯ ಕೆಳಗೆ ಇರುತ್ತೆ, ಬಲು ಚೆನ್ನಾಗಿ ಕಾಣುತ್ತೆ. ಆಕೆಯ ಬ್ಯಾಟಿನ ಹತ್ತಿರ ಮಾತ್ರ ಅದು ಇನ್ನೂ ತೊಡೆ ಎತ್ತರದಲ್ಲೇ ಇರುತ್ತೆ. ಕ್ಯಾಚರ್ ಗ್ಲೌಸ್ ನೋಡಿ "ಜಾಗ ಸರಿಯಾಗಿದೆ" ಅಂದ್ಕೊಂಡ್ರೆ ಮೋಸ ಹೋಗ್ತೀರಿ. ಸ್ಲ್ಯಾಪರ್‌ಗೆ ಡ್ರಾಪ್ ಹಾಕಲೇಬೇಕು ಅಂದ್ರೆ ಎಂದಿಗಿಂತ ಕೆಳಗೆ ಗುರಿ ಇಡಿ, ಬೇಗ ಬೀಳೋ ಹಾಗೆ ಹಾಕಿ.

ಹಾಗಾದ್ರೆ ಮೊದಲ ಆಯ್ಕೆ ಯಾವುದು? ಒಳಗೆ (ಮೈ ಹತ್ತಿರ), ಮೇಲೆ. ಮೇಲ್ಮುಖವಾಗಿ ಬರೋ ಇನ್‌ಸೈಡ್ ರೈಸ್ ಬಾಲ್, ಎದೆ ಮಟ್ಟಕ್ಕೆ. ಸ್ಲ್ಯಾಪರ್ ಬ್ಯಾಟ್ ಮೇಲಿಂದ ಕೆಳಕ್ಕೆ ಬರುತ್ತೆ. ಎತ್ತರದ ಚೆಂಡಿನ ಮೇಲ್ಭಾಗಕ್ಕೆ ಬ್ಯಾಟ್ ತಲುಪಿಸೋದು ಕಷ್ಟ, ಅಡಿಗೆ ತಾಗಿ ಪಾಪ್ ಅಪ್, ಅಂದ್ರೆ ಸುಲಭದ ಕ್ಯಾಚ್ ಆಗುತ್ತೆ. ಒಳಗೆ ಬಂದದ್ದು ಹಿಡಿಯ ಹತ್ತಿರ ತಾಗಿ ಬಲಕ್ಕೆ ಹೋಗುತ್ತೆ, ಅಲ್ಲಿಂದ ಫಸ್ಟ್ ಬೇಸ್‌ಗೆ ಎಸೆತ ತೀರಾ ಚಿಕ್ಕದು. ಎಡವಟ್ಟಾಗೋದು ಎರಡು ಕಡೆ. ಎತ್ತರ ಸಾಲದೆ ಸೊಂಟದ ಮಟ್ಟಕ್ಕೆ ಬಂದ್ರೆ ಜೋರಾಗಿ ಹೊಡೀತಾಳೆ. ತೀರಾ ಒಳಗೆ ಹೋದ್ರೆ ಮೈಗೆ ತಾಗಿ ಬೇಸ್ ಬಿಟ್ಟಿ.

ಆದ್ರೆ ಎಲ್ಲರಿಗೂ ಇದೇ ಅಲ್ಲ. ಕಾಲು ನೋಡಿ.

[ಪರದೆಯಲ್ಲಿ: ಎರಡು ಪಾದದ ಗುರುತು, ಒಂದು ಪಿಚ್ಚರ್ ಕಡೆ, ಒಂದು ಫಸ್ಟ್ ಬೇಸ್ ಕಡೆ]

ದಾಟಿಸಿದ ಎಡಗಾಲಿನ ಬೆರಳು ಪಿಚ್ಚರ್ ಕಡೆ ಇದ್ರೆ ಆಕೆ ಪಳಗಿದವಳು. ಔಟ್‌ಸೈಡ್ ಚೆಂಡೂ ಎಟುಕುತ್ತೆ, ಅವಳಿಗೆ ಒಳಗೇ ಹಾಕಿ. ಬೆರಳು ಫಸ್ಟ್ ಬೇಸ್ ಕಡೆ ತಿರುಗಿದ್ರೆ ಆಕೆ ಪ್ಲೇಟಿನಿಂದ ದೂರ ಓಡ್ತಿದ್ದಾಳೆ. ಅಂಥವರಿಗೆ ಮಾತ್ರ ಆ ಹಳೇ ಸಲಹೆ, ಔಟ್‌ಸೈಡ್, ಕೆಳಗೆ. ಬ್ಯಾಟ್ ಚಾಚಿದ್ರೂ ತುದಿ ಮಾತ್ರ ತಾಗುತ್ತೆ. ಮೊದಲ ಪಿಚ್‌ನಲ್ಲೇ (ಎಸೆತದಲ್ಲೇ) ಕ್ಯಾಚರ್ ಇದನ್ನ ಗಮನಿಸಿ ಪಿಚ್ಚರ್‌ಗೆ ಹೇಳಬೇಕು. ಇದು ಕ್ಯಾಚರ್ ಕೆಲಸ, ಬೆಂಚಿನಿಂದ ಪಾದದ ಕೋನ ಸರಿಯಾಗಿ ಕಾಣಲ್ಲ.

ಚೇಂಜ್ ಅಪ್, ಅಂದ್ರೆ ಬೇಕಂತಲೇ ಹಾಕೋ ನಿಧಾನದ ಚೆಂಡು. ಗಂಟೆಗೆ 45 ಮೈಲಿ ಚೆಂಡು ಪ್ಲೇಟಿಗೆ ಬರೋಕೆ 0.56 ಸೆಕೆಂಡ್, 0.14 ಹೆಚ್ಚು. ಅಷ್ಟರಲ್ಲಿ ಕಾಲು ಆಗಲೇ ಹೊರಟುಬಿಟ್ಟಿರುತ್ತೆ. ಒಂದೋ ನಿಲ್ಲಬೇಕು, ಇಲ್ಲಾ ಬಾಕ್ಸ್ ದಾಟಬೇಕು. ಪಾದ ಪೂರ್ತಿ ಗೆರೆಯಾಚೆ ನೆಲ ಮುಟ್ಟಿರುವಾಗ ಚೆಂಡು ಬ್ಯಾಟಿಗೆ ತಾಗಿದ್ರೆ ಔಟ್. ಆದ್ರೆ ಚೇಂಜ್ ಅಪ್ ಸ್ಟ್ರೈಕ್ ಜೋನ್ ನಡುವೆ ಬಿಡಬೇಡಿ. ಅರ್ಧಂಬರ್ಧ ತಾಗಿ ನಿಧಾನ ಉರುಳಿದ್ರೂ ಆಕೆಗೆ ಅದು ಹಿಟ್, ಬೇಸ್ ಸೇರ್ತಾಳೆ. ಒಳಗೆ ಎರಡು ವೇಗದ ಚೆಂಡು ತೋರಿಸಿದ ಮೇಲೆ, ಮಂಡಿಯ ಕೆಳಗೆ ಹಾಕಿ.

ಸಮಯ ಆಗ್ತಾ ಬಂತು, ಉಳಿದದ್ದು ಒಟ್ಟಿಗೆ. ಥರ್ಡ್ ಬೇಸ್‌ನವರು ಮುಂದೆ, ಶಾರ್ಟ್‌ಸ್ಟಾಪ್ ಬೇಸ್ ಗೆರೆ ತನಕ ಮುಂದೆ, ಸೆಕೆಂಡ್ ಬೇಸ್‌ನವರು ಫಸ್ಟ್ ಕಡೆಗೆ. ಯಾವ ಪಿಚ್ ಅಂತ ಅವರಿಗೂ ಗೊತ್ತಿರಬೇಕು, ಆದ್ರೆ ಜರುಗೋದು ಪಿಚ್ಚರ್ ತೋಳು ತಿರುಗಿದ ಮೇಲೆ. ಮೊದಲೇ ಜರುಗಿದ್ರೆ ಬ್ಯಾಟರ್ ಪಿಚ್ ಊಹಿಸ್ತಾಳೆ. ಎರಡು ಸ್ಟ್ರೈಕ್ ಆದ್ಮೇಲೆ ಬಂಟ್ (ಬೀಸದೆ ಮೆತ್ತಗೆ ತಟ್ಟಿದ ಚೆಂಡು) ಫೌಲ್ ಆಗಿ ಗೆರೆಯಾಚೆ ಹೋದ್ರೆ ಔಟ್, ಹಾಗಾಗಿ ಥರ್ಡ್ ಬೇಸ್‌ನವರು ಒಂದು ಹೆಜ್ಜೆ ಹಿಂದೆ ಸರಿಯಬಹುದು. ಮತ್ತೆ ವಾಕ್ (ಗುರಿ ತಪ್ಪಿದ ಎಸೆತಗಳಿಂದ ಸಿಗೋ ಬಿಟ್ಟಿ ಬೇಸ್) ಮಾತ್ರ ಕೊಡಬೇಡಿ: ಇಷ್ಟು ವೇಗದವಳು ಮುಂದಿನ ಪಿಚ್‌ಗೇ ಯಾರೂ ಹೊಡೆಯದೇ ಓಡಿ ಸೆಕೆಂಡ್ ಬೇಸ್ ಕದಿಯೋಕೆ ಹೊರಡ್ತಾಳೆ.