ಆ ಲಿಂಕ್ ಒತ್ತುವವರು ಯಾರು?

ಕೇಳುಗರಿಗೆ ನಮಸ್ಕಾರ.

ಹೋಂಸ್ಟೇ ನಡೆಸುವವರು, ಮನೆಯಲ್ಲೇ ಹಪ್ಪಳ ಉಪ್ಪಿನಕಾಯಿ ಮಾಡಿ ಮಾರುವವರು, ಜೇನು ಸಾಕುವವರು, ಕೈಮಗ್ಗದ ಸೀರೆ ಮಾರುವವರು, ಇವತ್ತು ನಾನು ಮಾತಾಡುತ್ತಿರುವುದು ನಿಮ್ಮ ಜೊತೆ. ನಿಮ್ಮಲ್ಲಿ ಎಷ್ಟೋ ಜನ ದುಡ್ಡು ಹಾಕಿ ವೆಬ್‌ಸೈಟ್ ಮಾಡಿಸಿದ್ದೀರಿ. ಫೋಟೋ ಚೆನ್ನಾಗಿವೆ, ಬಣ್ಣ ಚೆನ್ನಾಗಿದೆ. ನೋಡುವವರೇ ಇಲ್ಲ. ಆಗ ಒಂದು ಫೋನ್ ಬರುತ್ತದೆ. "ಸಾರ್, ನಿಮ್ಮ ಸೈಟಿಗೆ ಬ್ಯಾಕ್‌ಲಿಂಕ್ ಸಾಲದು. ಐದು ಸಾವಿರ ಲಿಂಕ್ ಹಾಕಿಸಿಕೊಡ್ತೀವಿ, ಗೂಗಲ್‌ನಲ್ಲಿ ಮೊದಲ ಪೇಜಿಗೆ ಬರ್ತೀರಿ."

ಅವರಿಗೆ ಒಂದೇ ಪ್ರಶ್ನೆ ಕೇಳಿ. ಆ ಲಿಂಕ್ ಒತ್ತುವವರು ಯಾರು?

ಲಿಂಕ್ ಅಂದರೆ ದಾರಿ ಹೇಳುವುದು, ಅಷ್ಟೇ. ನೀವು ಗೊತ್ತಿಲ್ಲದ ಊರಲ್ಲಿ ಬಸ್ಸಿಳಿಯುತ್ತೀರಿ. ಹೊಟ್ಟೆ ಹಸಿದಿದೆ. ಪೆಟ್ಟಿಗೆ ಅಂಗಡಿಯವರನ್ನು ಕೇಳುತ್ತೀರಿ. "ಆ ಅರಳಿಕಟ್ಟೆ ದಾಟಿ ಹೋಗಿ, ಊಟ ಚೆನ್ನಾಗಿರುತ್ತೆ" ಅನ್ನುತ್ತಾರೆ. ನೀವು ಹೋಗುತ್ತೀರಿ. ಬೇರೆಯವರ ಪುಟದಲ್ಲಿ ನಿಮ್ಮ ಸೈಟಿಗೆ ಇರುವ ಲಿಂಕ್, ಅಂದರೆ ಆ ಬ್ಯಾಕ್‌ಲಿಂಕ್, ಮಾಡುವ ಕೆಲಸವೂ ಇದೇ. ಆದರೆ ಯಾರೂ ಬಸ್ಸಿಳಿಯದ ಕಡೆ ಐದು ಸಾವಿರ ಬೋರ್ಡ್ ನೆಟ್ಟರೆ ಊಟಕ್ಕೆ ಬರುವವರು ಯಾರು?

ಈ ಲಿಂಕ್ ಮಾರುವ ವ್ಯಾಪಾರ ಹುಟ್ಟಿದ್ದಕ್ಕೆ ಕಾರಣವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್, ಸರ್ಗೆ ಬ್ರಿನ್ 1998ರಲ್ಲಿ ಗೂಗಲ್ ಕಂಪನಿ ಶುರು ಮಾಡಿದರು. ಹುಡುಕಿದಾಗ ಯಾವ ಪುಟವನ್ನು ಮೇಲೆ ತೋರಿಸಬೇಕು ಅನ್ನುವ ಅವರ ಲೆಕ್ಕ ಸರಳ. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ಒಂದು ಓಟು. ತೂಕದ ಪುಟದ ಓಟಿಗೆ ತೂಕ ಜಾಸ್ತಿ. ಓಟು ಅಂದಮೇಲೆ ಕಳ್ಳ ಓಟು ಹಾಕಿಸುವವರು ಬಂದೇ ಬಂದರು. 2012ರ ಏಪ್ರಿಲ್‌ನಲ್ಲಿ ಗೂಗಲ್ 'ಪೆಂಗ್ವಿನ್' ಅನ್ನುವ ಬದಲಾವಣೆ ತಂದು, ಇಂಥ ಲಿಂಕ್ ಗುಡ್ಡೆ ಹಾಕಿಕೊಂಡಿದ್ದ ಸೈಟುಗಳನ್ನು ಹಿಂದಕ್ಕೆ ತಳ್ಳಿತು. ಇಷ್ಟು ವರ್ಷವಾದರೂ ಅದೇ ಸರಕನ್ನು ಇನ್ನೂ ಮಾರುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ನಾನು ಕಂಡದ್ದನ್ನು ಹೇಳುತ್ತೇನೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನನಗೆ ಪರಿಚಯದ ಒಬ್ಬರು ಅಕ್ಕ ಹೋಂಸ್ಟೇ ನಡೆಸುತ್ತಾರೆ. ನಾಲ್ಕು ಕೋಣೆ, ಮುಂದೆ ಅಡಿಕೆ ತೋಟ, ಹಿಂದೆ ಹಳ್ಳ. ಅವರಿಗೂ ಆ ಫೋನ್ ಬಂದಿತ್ತು. ಹದಿನೆಂಟು ಸಾವಿರ ರೂಪಾಯಿ ಕೊಟ್ಟುಬಿಟ್ಟಿದ್ದರು. ಮೂರು ತಿಂಗಳಾದರೂ ಆ ಲಿಂಕುಗಳಿಂದ ಒಂದು ವಿಚಾರಣೆ ಇಲ್ಲ. "ಬಂದು ಒಂದ್ಸಲ ನೋಡಿ ಮಾರಾಯ್ರೇ" ಅಂತ ಕರೆದರು, ಹೋದೆ.

ಜಗುಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಲಿಂಕುಗಳನ್ನು ಒಂದೊಂದಾಗಿ ತೆರೆದೆವು. ಒಂದು, ಯಾವುದೋ ದೇಶದ ಚಪ್ಪಲಿ ಅಂಗಡಿಯ ಪುಟದ ತಳದಲ್ಲಿತ್ತು. ಇನ್ನೊಂದು ಜೂಜಿನ ಸೈಟಿನಲ್ಲಿ. ಮತ್ತೊಂದು ಪುಟದಲ್ಲಿ ಬರೀ ಲಿಂಕುಗಳ ಉದ್ದನೆಯ ಸಾಲು, ಔಷಧಿ, ಸಾಲ, ಟೈಲ್ಸ್, ಅದರ ನಡುವೆ ಅಕ್ಕನ ಹೋಂಸ್ಟೇ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದನ್ನೆಲ್ಲ ಓದೋರು ಯಾರು?" ಅಂದರು. ನಾನು ಹೇಳಬೇಕಾದ ಮಾತನ್ನು ಅವರೇ ಹೇಳಿದ್ದರು.

ಅಷ್ಟರಲ್ಲಿ ಅವರ ಫೋನ್ ಬಡಿಯಿತು. ಬೆಂಗಳೂರಿನಿಂದ ಒಬ್ಬಳು ಹುಡುಗಿ. "ಆಂಟಿ, ಜುಲೈನಲ್ಲಿ ಬಂದ್ರೆ ಸನ್‌ಸೆಟ್ ಕಾಣುತ್ತಾ? ಜಿಗಣೆ ಇರುತ್ತಾ?" ಅಕ್ಕ ಹತ್ತು ನಿಮಿಷ ಮಾತಾಡಿದರು. "ಸೂರ್ಯಾಸ್ತ ನೋಡೋಕೇ ಅಂತ ಜುಲೈನಲ್ಲಿ ಬರಬೇಡಮ್ಮ, ಮಂಜು ಮುಚ್ಚಿರುತ್ತೆ. ಮಳೆ ನೋಡೋಕೆ ಬಾ. ಉಂಬಳ ಇದ್ದೇ ಇರುತ್ತೆ, ಬಟ್ಟೇಲಿ ಉಪ್ಪು ಕಟ್ಟಿಕೊಂಡು ಹೋದ್ರಾಯ್ತು. ಉಡುಪಿ ಕಡೆಯಿಂದ ಬರೋದಾದ್ರೆ ಘಾಟಿಯಲ್ಲಿ ಹದಿನಾಲ್ಕು ತಿರುವು, ಮಳೆ ಜೋರಾದ್ರೆ ದೊಡ್ಡ ಗಾಡಿ ಬಿಡಲ್ಲ, ಮೊದಲೇ ವಿಚಾರಿಸಿಕೊಂಡು ಹೊರಡಿ. ಮಳೆ ಹೊಳವಾದ್ರೆ ಕವಲೇದುರ್ಗಕ್ಕೆ ಹೋಗಿ, ಕಲ್ಲು ಜಾರುತ್ತೆ, ಚಪ್ಪಲಿ ಬೇಡ, ಹಿಡಿತ ಇರೋ ಶೂ ಹಾಕ್ಕೊಂಡು ಬಾ."

ನಾನು ಅಷ್ಟನ್ನೂ ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದುಕೊಂಡೆ. ಫೋನ್ ಇಟ್ಟ ಮೇಲೆ ಹೇಳಿದೆ, "ಅಕ್ಕಾ, ಇದನ್ನೇ ಸೈಟಿಗೆ ಹಾಕೋಣ." ಅವರಿಗೆ ನಂಬಿಕೆ ಬರಲಿಲ್ಲ. "ಬರಬೇಡಿ ಅಂತ ನಾವೇ ಬರೆಯೋದಾ?" ಅಂದರು. ಬರೆದೆವು. 'ಮಳೆಗಾಲದಲ್ಲಿ ಆಗುಂಬೆಗೆ ಬರುವವರಿಗೆ' ಅಂತ ಒಂದೇ ಪುಟ, ಅವರದೇ ಮಾತು, ಅವರದೇ ಫೋನಿನಲ್ಲಿ ತೆಗೆದ ಘಾಟಿಯ ಫೋಟೋ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಚಾರಣದ ತಂಡ ತನ್ನ ಸೈಟಿನಲ್ಲಿ "ಹೊರಡುವ ಮೊದಲು ಇದನ್ನು ಓದಿ" ಅಂತ ಆ ಪುಟಕ್ಕೆ ಲಿಂಕ್ ಕೊಟ್ಟಿತು. ಆಮೇಲೆ ಬೈಕಿನಲ್ಲಿ ತಿರುಗುವವರು ಕೊಟ್ಟರು. ಹಕ್ಕಿಗಳ ಫೋಟೋ ತೆಗೆಯುವವರೊಬ್ಬರು ಕೊಟ್ಟರು. ವರ್ಷಕ್ಕೆ ಬಂದದ್ದು ಹನ್ನೊಂದು ಲಿಂಕ್. ಆ ಮಳೆಗಾಲದಲ್ಲಿ ವಾರದ ಕೊನೆಗೆ ನಾಲ್ಕೂ ಕೋಣೆ ತುಂಬಿದವು. ಯಾಕೆ? ಆ ಹನ್ನೊಂದನ್ನೂ ಒತ್ತುವವರು ಚೀಲ ಕಟ್ಟಿಕೊಂಡು ಹೊರಟು ನಿಂತವರು.

ಸಮಯ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನಿಮಗೆ ಯಾರು ಲಿಂಕ್ ಕೊಟ್ಟಿದ್ದಾರೆ ಅಂತ ಸೈಟ್ ಇರುವವರಿಗಾಗಿ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್ ಅನ್ನುವ ಸೇವೆಯಲ್ಲಿ ಬಿಟ್ಟಿಯಾಗಿ ನೋಡಬಹುದು. ಲಿಂಕ್ ಬೇಕಾದರೆ ಕೇಳಿ, ನಾಚಿಕೆ ಬೇಡ. ಆದರೆ "ನಮ್ಮ ಸೈಟಿಗೆ ಲಿಂಕ್ ಕೊಡಿ" ಅಂತ ಸುಮ್ನೆ ಕೇಳಬೇಡಿ. "ನಿಮ್ಮ ಓದುಗರಿಗೆ ಈ ಪುಟ ಉಪಯೋಗ ಆಗುತ್ತೆ, ನೋಡಿ" ಅಂತ ಆ ಒಂದು ಪುಟವನ್ನು ತೋರಿಸಿ. ವಿಕಿಪೀಡಿಯಾಕ್ಕೆ ಹೋಗಿ ನಿಮ್ಮ ಅಂಗಡಿ ಲಿಂಕ್ ತುರುಕಬೇಡಿ, ಅಲ್ಲಿನವರು ತೆಗೆದು ಹಾಕುತ್ತಾರೆ. ಅಲ್ಲಿನ ಹೊರಗಿನ ಲಿಂಕುಗಳನ್ನು ಓಟು ಅಂತ ಎಣಿಸಬೇಡಿ ಅಂತ ಗೂಗಲ್‌ಗೆ ಹೇಳುವ ಗುರುತು ಕೂಡ ಇರುತ್ತದೆ.

ಇನ್ನು ನೀವು ಬರೆಯಬೇಕಾದ ಪುಟ ಯಾವುದು? ನಿಮ್ಮ ಫೋನಿನಲ್ಲೇ ಇದೆ. ಈ ವಾರ ಗಿರಾಕಿಗಳು ಫೋನ್ ಮಾಡಿ ಏನೇನು ಕೇಳಿದರು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಹಪ್ಪಳ ಎಷ್ಟು ದಿನ ಇಡಬಹುದು? ಜೇನು ಗಟ್ಟಿಯಾದರೆ ಕೆಟ್ಟಿತು ಅಂತಲಾ? ಕೈಮಗ್ಗದ ಸೀರೆ ಮೊದಲ ಸಲ ಹೇಗೆ ಒಗೆಯಬೇಕು? ಎರಡು ಸಲ ಬಂದ ಪ್ರಶ್ನೆಗೆ ಗೆರೆ ಎಳೆಯಿರಿ. ಬರುವ ಭಾನುವಾರ ಅದಕ್ಕೆ ಉತ್ತರ ಬರೆಯಲು ಕೂತುಕೊಳ್ಳಿ.

ನಮಸ್ಕಾರ.